ಒಂದೇ ಮನೆ, ಎರಡು ಬಿಡದಿ

ಒಂದು ಕುರ್ಚಿಯಲ್ಲಿ ಒಬ್ಬರು ಮಾತ್ರ ಕೂರಬಹುದು ಎಂಬುದು ಮಗುವಿಗೂ ಗೊತ್ತು. ಆದರೂ ನಾನು ಎಲ್ಲಿ ಹೋಗಿ ನಿಂತರೂ ಅಲ್ಲಿ ಒಂದೇ ಕುರ್ಚಿಗೆ ಇಬ್ಬರು ಬಂದು ನನ್ನ ಮುಖವನ್ನೇ ನೋಡುತ್ತಾರೆ. ಇದು ಹಣೆಬರಹವೋ, ನಾನು ಮಾಡಿದ ಉದ್ಯೋಗದ ಫಲವೋ ಇನ್ನೂ ತೀರ್ಮಾನವಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದುವವರು ತೀರ್ಮಾನಿಸಲಿ.

೧. ಬರದವರ ಕೋಣೆ

ಐವತ್ತರ ದಶಕದಲ್ಲಿ ನಾನು ದಂಡಿನ, ಎಂದರೆ ಕಂಟೋನ್ಮೆಂಟಿನ ಕಡೆಯ ಒಂದು ಇಂಗ್ಲಿಷ್ ಮಾದರಿಯ ಹೋಟೆಲಿನಲ್ಲಿ ಕೋಣೆಗಳನ್ನು ಕಾದಿರಿಸುವ ಗುಮಾಸ್ತನಾಗಿದ್ದೆ. ಪಾದ್ರಿಗಳ ಶಾಲೆಯಲ್ಲಿ ಓದಿದವನು. ಆ ಶಾಲೆಯಲ್ಲಿ ಎರಡು ವಿಷಯ ಬೆತ್ತದಿಂದ ಕಲಿಸಿದ್ದರು: ಕೊಟ್ಟ ಮಾತಿಗೆ ತಪ್ಪಬಾರದು, ಇಲ್ಲದ್ದನ್ನು ಇದೆ ಎನ್ನಬಾರದು. ಹೋಟೆಲಿಗೆ ಸೇರಿದ ಮೊದಲ ವಾರದಲ್ಲೇ ಎರಡನ್ನೂ ಒಟ್ಟಿಗೆ ಮರೆಯಬೇಕೆಂದು ಮ್ಯಾನೇಜರ್ ಹೇಳಿದರು.

ಕುದುರೆ ರೇಸಿನ ಕಾಲ. ಊಟಿಯಿಂದ, ಮದರಾಸಿನಿಂದ, ಕೊಡಗಿನ ಕಾಫಿ ತೋಟಗಳಿಂದ ಜನ ತಂತಿ ಕಳಿಸಿ ಕೋಣೆ ಕೇಳುತ್ತಿದ್ದರು. ಇದ್ದ ಕೋಣೆಗಳೆಲ್ಲ ತುಂಬಿದ ಮೇಲೂ ಮ್ಯಾನೇಜರ್ ಮೂರು ತಂತಿಗಳನ್ನು ನನ್ನ ಮುಂದಿಟ್ಟು, "ಇವರಿಗೂ ಎಸ್ ಅಂತ ಕಳಿಸಿ" ಎಂದರು. ಅವರು ನಮ್ಮ ಕಡೆಯವರೇ. ಟೈ ಬಿಗಿಯಾಗಿದ್ದಾಗ ಇಂಗ್ಲಿಷು, ಸಡಿಲ ಮಾಡಿದಾಗ ಕನ್ನಡ. ಆಗ ಟೈ ಸಡಿಲವಾಗಿತ್ತು.

"ಸಾರ್, ಕೋಣೆಯೇ ಇಲ್ಲ. ಇಲ್ಲದ ಕೋಣೆಯನ್ನು ಹೇಗೆ ಕೊಡುವುದು?"

"ಇಲ್ಲದ ಕೋಣೆ ಅಲ್ಲಪ್ಪಾ, ಬರದವರ ಕೋಣೆ. ಕಾದಿರಿಸಿದವರೆಲ್ಲ ಎಲ್ಲಿ ಬರ್ತಾರೆ? ಒಬ್ಬನಿಗೆ ಜ್ವರ, ಇನ್ನೊಬ್ಬನ ಕಾರು ಕೆಟ್ಟಿತು, ಮತ್ತೊಬ್ಬನಿಗೆ ಹೆಂಡತಿ ಬಿಡಲಿಲ್ಲ. ಆ ಕೋಣೆ ಖಾಲಿ ಬೀಳಬಾರದು ಅಂತ ಮೊದಲೇ ಇನ್ನೊಬ್ಬರಿಗೆ ಹೇಳಿಟ್ಟಿರಬೇಕು. ಇದಕ್ಕೆ ಓವರ್‌ಬುಕಿಂಗ್ ಅಂತಾರೆ. ಲಂಡನ್ನಿನಲ್ಲೂ ಮಾಡ್ತಾರೆ."

"ಎಲ್ಲರೂ ಬಂದುಬಿಟ್ಟರೆ?"

"ಬರಲ್ಲ. ಮೂವರು ಬರಲ್ಲ. ಮೂವತ್ತು ವರ್ಷದ ಅನುಭವ."

"ಯಾವ ಮೂವರು ಸಾರ್?"

ಮ್ಯಾನೇಜರ್ ನನ್ನನ್ನು ಕನಿಕರದಿಂದ ನೋಡಿದರು. "ಅದು ಗೊತ್ತಾಗೋ ಹಾಗಿದ್ದಿದ್ರೆ ನಾನು ಇಲ್ಲಿ ಯಾಕೆ ಕೂತಿರ್ತಿದ್ದೆ? ರೇಸಿಗೇ ಹೋಗಿರ್ತಿದ್ದೆ."

೨. ಎಮ್ಮೆ ಎಲ್ಲಿಗೂ ಹೋಗುವುದಿಲ್ಲ

ಬರದವರ ಕೋಣೆ ಎಂದರೇನು ಎಂದು ಮ್ಯಾನೇಜರ್ ನನಗೆ ಕಲಿಸಬೇಕಾಗಿರಲಿಲ್ಲ. ನನ್ನ ಮನೆಯಲ್ಲೇ ಅಂಥವು ಎರಡಿದ್ದವು.

ಅದಕ್ಕೂ ಕೆಲವು ವರ್ಷ ಮೊದಲು ಜಯನಗರದಲ್ಲಿ ಸೈಟು ಹಂಚಿದ್ದರು. ನನಗೂ ಒಂದು ಸಿಕ್ಕಿತು. ನಾನು ಮದುವೆಯಾದವನಲ್ಲ. ಕಾರಣ ಇಲ್ಲಿ ಅಪ್ರಸ್ತುತ. ಒಬ್ಬನಿಗೆ ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ ಸಾಕೆಂದು ನಕ್ಷೆ ಮಾಡಿಸಿದ್ದೆ. ಹಾಸನದಲ್ಲಿ ನೌಕರಿಯಲ್ಲಿದ್ದ ನನ್ನ ತಮ್ಮ ಆ ನಕ್ಷೆ ನೋಡಿ, "ಅಣ್ಣಾ, ಹಿಂದ್ಗಡೆ ಎರಡು ಕೋಣೆ ಜಾಸ್ತಿ ಹಾಕಿಸು. ನಾನು ವರ್ಗ ಮಾಡಿಸ್ಕೊಂಡು ಬಂದ್ಬಿಡ್ತೀನಿ. ಎಲ್ಲಾ ಒಟ್ಟಿಗಿರೋಣ" ಎಂದ. ಹಾಕಿಸಿದೆ.

ವರ್ಗ ಆಗಲಿಲ್ಲ. ಅಥವಾ ಅವನು ಕೇಳಲಿಲ್ಲ. ಆಮೇಲೆ ಬೇಸಿಗೆ ರಜಕ್ಕಾದರೂ ಬರುತ್ತೇವೆ ಎಂದು ಬರೆದ. ಪ್ರತಿ ಬೇಸಿಗೆಗೂ ಬರೆಯುತ್ತಿದ್ದ. ನಾನು ಪ್ರತಿ ಬೇಸಿಗೆಗೂ ಆ ಎರಡು ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿ, ಮೂರು ಮಕ್ಕಳಿರುವ ಸಂಸಾರಕ್ಕೆ ಬೇಕಾಗುವಷ್ಟು ಹಾಲು ಹೇಳುತ್ತಿದ್ದೆ. ಹೊಸಕೆರೆಹಳ್ಳಿಯಿಂದ ಒಬ್ಬ ಹೆಂಗಸು ಹಾಲು ತಂದು ಹಾಕುತ್ತಿದ್ದಳು. ಬೇಸಿಗೆಯಲ್ಲಿ ದೊಡ್ಡ ಚೊಂಬು ತುಂಬ ಹಾಲು ಅಳೆದು ಕೊಟ್ಟು, ಒಳಗೆ ಇಣುಕಿ, ಮಕ್ಕಳ ಸದ್ದಿಗೆ ಕಿವಿಗೊಡುತ್ತಿದ್ದಳು. ಸದ್ದೇ ಇರುತ್ತಿರಲಿಲ್ಲ.

ಆಗ ನಮ್ಮ ರಸ್ತೆಯಲ್ಲಿ ನಾಲ್ಕೇ ಮನೆ. ಉಳಿದದ್ದು ಕಲ್ಲು ನೆಟ್ಟ ಖಾಲಿ ಸೈಟುಗಳು. ಸಂಜೆ ಹೋಟೆಲಿನಿಂದ ಬಂದು ಬಾಗಿಲು ತೆಗೆದರೆ ಬೀಗದ ಶಬ್ದ ಮನೆಯೆಲ್ಲ ಸುತ್ತಿಕೊಂಡು ನನ್ನ ಹತ್ತಿರವೇ ವಾಪಸು ಬರುತ್ತಿತ್ತು. ಹಾಲು ವ್ಯರ್ಥ ಮಾಡುವುದು ನನ್ನ ತತ್ವಕ್ಕೆ ವಿರುದ್ಧ. ಹೆಪ್ಪು ಹಾಕಿ, ಬೆಳಿಗ್ಗೆ ಮೊಸರನ್ನ, ರಾತ್ರಿ ಮೊಸರನ್ನ ಉಣ್ಣುತ್ತಿದ್ದೆ. ಒಂದು ಬೇಸಿಗೆಯಲ್ಲಿ ಹಾಲಿನವಳೇ ಚೊಂಬು ಕೆಳಗಿಟ್ಟು ನಿಂತಳು.

"ಸಾಮಿ, ನೆಂಟರು ಈ ಸಲಾನೂ ಕೈ ಕೊಟ್ರಾ?"

"ಬರುತ್ತಾರೆ. ಕಾಗದ ಬರೆದಿದ್ದಾರೆ."

"ಕಾಗ್ದ ಆಲು ಕುಡೀತದಾ? ಒಂದ್ ಮಾತು ಯೋಳ್ತೀನಿ, ಬೇಜಾರ್ ಮಾಡ್ಕಬೇಡಿ. ಕಾಗ್ದ ಬಂದಾಗ ನಂಗೆ ಯೋಳ್ಬೇಡಿ. ಜನ ಬಂದ್ಮೇಲೆ ಯೋಳಿ. ಎಮ್ಮೆ ಎಲ್ಲಿಗೂ ಓಗಾಕಿಲ್ಲ."

೩. ಕಾಲು ಚಾಚಿದ ತಮ್ಮ

ನಮ್ಮ ಎದುರು ಮನೆಯಲ್ಲಿ ಒಬ್ಬರು ಮೇಷ್ಟ್ರಿದ್ದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆ ಗೊತ್ತಾಯಿತು. ಆಗ ಛತ್ರಕ್ಕೆ ಹೋಗಬೇಕೆಂದರೆ ಬಸವನಗುಡಿಗೆ ಹೋಗಬೇಕು. ನಮ್ಮಲ್ಲಿ ಖಾಲಿ ಸೈಟುಗಳಿಗೆ ಬರವಿರಲಿಲ್ಲವಾದ್ದರಿಂದ ಮನೆಯ ಪಕ್ಕದ ಸೈಟಿನಲ್ಲೇ ಚಪ್ಪರ ಹಾಕಿ ಮದುವೆ ಮಾಡುತ್ತಿದ್ದರು. ಆದರೆ ಗಂಡಿನ ಕಡೆಯವರು ಇಳಿದುಕೊಳ್ಳಲು ಬೇರೆ ಒಂದು ಮನೆ ಬೇಕು. ಅದೇ ಬಿಡದಿ.

ಮೇಷ್ಟ್ರು ಒಂದು ಭಾನುವಾರ ಬಂದು ಕಾಫಿ ಕುಡಿದು ಹೇಳಿದರು. "ಸಾರ್, ಒಂದು ಸಣ್ಣ ವಿಷಯ. ಬಿಡದಿಗೆ ನಿಮ್ಮನೆ ಅಂತ ಬೀಗರಿಗೆ ಹೇಳ್ಬಿಟ್ಟಿದ್ದೀನಿ."

"ಯಾವಾಗ ಹೇಳಿದಿರಿ?"

"ನಿಶ್ಚಿತಾರ್ಥದಲ್ಲಿ. ಎರಡು ತಿಂಗಳಾಯ್ತು."

"ಮೊದಲು ನನ್ನನ್ನು ಕೇಳಬೇಕಿತ್ತಲ್ಲವೇ?"

ಮೇಷ್ಟ್ರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮನೆ ಕೇಳ್ಬೇಕಾದ್ರೆ ಹೆಂಗಸರು ಹೋಗಿ ಹೆಂಗಸರನ್ನ ಕೇಳ್ತಾರೆ ಸಾರ್. ನಮ್ಮವಳು ಎರಡು ಸಲ ನಿಮ್ಮ ಗೇಟಿನ ತನಕ ಬಂದಳು. ಯಾರನ್ನ ಕೇಳೋದು ಅಂತ ಗೊತ್ತಾಗ್ದೆ ವಾಪಸ್ ಬಂದಳು."

ಮನೆ ಕೊಟ್ಟೆ. ನಿಯಮಗಳನ್ನೂ ಬೀಗರು ಬಂದಿಳಿದ ಕೂಡಲೇ ಜಗಲಿಯ ಮೇಲೆ ನಿಂತು ಹೇಳಿದೆ. ಗೋಡೆಗೆ ಮೊಳೆ ಹೊಡೆಯಬಾರದು. ಎಲೆ ಅಡಿಕೆ ಉಗಿಯಬಾರದು. ನಲ್ಲಿ ತಿರುಗಿಸಿದವರೇ ನಿಲ್ಲಿಸಬೇಕು. ಹಿಂದಿನ ಎರಡು ಕೋಣೆ ನನ್ನ ತಮ್ಮನಿಗೆ ಮೀಸಲು, ಅವುಗಳ ಬೀಗ ತೆಗೆಯುವುದಿಲ್ಲ.

ವರನ ಸೋದರತ್ತೆ ಎಂಬ ಹಿರಿಯ ಹೆಂಗಸು ಕೇಳಿದರು. "ನಿಮ್ಮ ತಮ್ಮ ಎಲ್ಲಿದ್ದಾರೆ?"

"ಹಾಸನದಲ್ಲಿ."

"ಮದುವೆಗೆ ಬರ್ತಾರಾ?"

"ಈ ಸಲ ಆಗಲಿಲ್ಲ ಎಂದು ಬರೆದಿದ್ದಾನೆ."

ಆ ರಾತ್ರಿ ಇಡೀ ದಿಬ್ಬಣ ನಡುಮನೆಯಲ್ಲಿ, ಜಗಲಿಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಮಲಗಿತು. ಬೆಳಿಗ್ಗೆ ನಾನು ಉಪಚಾರಕ್ಕೆ, "ನಿದ್ದೆ ಚೆನ್ನಾಗಿ ಬಂತೇ?" ಎಂದು ಕೇಳಿದೆ.

"ಬಂತಪ್ಪಾ" ಎಂದರು ಸೋದರತ್ತೆ, ಸೊಂಟ ಹಿಡಿದುಕೊಂಡು ಏಳುತ್ತಾ. "ಬರದೇ ಇರೋ ನಿಮ್ಮ ತಮ್ಮ ಎರಡು ಕೋಣೇಲೂ ಕಾಲು ಚಾಚಿ ಮಲಗಿದ್ದ. ಬಂದಿರೋ ನಾವು ಮುದುರಿಕೊಂಡು ಮಲಗಿದ್ವಿ."

ಮದುವೆ ಮುಗಿದು ಅವರೆಲ್ಲ ಹೋದರು. ಕೆಂಪು ನೆಲದ ಮೇಲೆ ಯಾವುದೋ ಮಗು ಸೀಮೆಸುಣ್ಣದಲ್ಲಿ ರೈಲು ಬರೆದಿತ್ತು. ನಿಯಮಗಳಲ್ಲಿ ಸೀಮೆಸುಣ್ಣದ ಬಗ್ಗೆ ಏನೂ ಹೇಳಿರಲಿಲ್ಲವಾದ್ದರಿಂದ ಅದನ್ನು ಒರೆಸಲು ಆಧಾರ ಸಿಗಲಿಲ್ಲ. ಅದು ತಾನಾಗಿ ಅಳಿಸಿಹೋಗುವವರೆಗೂ ಅದನ್ನು ದಾಟಿಕೊಂಡು ಓಡಾಡುತ್ತಿದ್ದೆ. ಹಿಂದಿನ ಕೋಣೆಗಳ ಬೀಗವನ್ನು ಅದೇ ವಾರ ತೆಗೆದೆ.

೪. ಡಬಲ್

ಹೋಟೆಲಿನಲ್ಲಿ ಮ್ಯಾನೇಜರರ ಲೆಕ್ಕ ಒಂದು ರೇಸಿನ ಕಾಲದಲ್ಲಿ ತಪ್ಪಿತು. ಬರಬಾರದಿದ್ದವರೆಲ್ಲ ಬಂದರು. ಕೊನೆಗೆ ಒಂದು ಕೋಣೆ, ಇಬ್ಬರು ಗಿರಾಕಿಗಳು. ಒಬ್ಬರು ಮದರಾಸಿನ ನಿವೃತ್ತ ರೈಲ್ವೆ ಅಧಿಕಾರಿ, ಇನ್ನೊಬ್ಬರು ಕೊಡಗಿನ ತೋಟದವರು. ಇಬ್ಬರ ಕೈಯಲ್ಲೂ ನನ್ನ ಸಹಿಯ ಕಾಗದ. ಇಬ್ಬರೂ ಒಂಟಿ. ನಾನು ತಲೆತಗ್ಗಿಸಿ ನಿಂತಿದ್ದಾಗ ಮ್ಯಾನೇಜರ್ ಟೈ ಬಿಗಿ ಮಾಡಿಕೊಂಡು ಬಂದು, ಇಬ್ಬರನ್ನೂ ಒಂದೇ ಕೋಣೆಗೆ ಕಳಿಸಿ, ಮಧ್ಯೆ ಒಂದು ಬಟ್ಟೆಯ ತೆರೆ ಹಾಕಿಸಿದರು.

"ಇದು ಅನ್ಯಾಯ ಸಾರ್" ಎಂದೆ.

"ನಾಳೆ ಬೆಳಿಗ್ಗೆ ಬೈತಾರೆ. ಬೈಸಿಕೊಳ್ಳೋಕೆ ನೀವಿದ್ದೀರಲ್ಲ."

ಬೆಳಿಗ್ಗೆ ಹೋಗಿ ನೋಡಿದರೆ ತೆರೆ ಮಡಿಚಿ ಮೂಲೆಯಲ್ಲಿಟ್ಟಿದ್ದರು. ಇಬ್ಬರೂ ಚದುರಂಗದ ಮುಂದೆ ಕೂತು ಒಬ್ಬರನ್ನೊಬ್ಬರು ಮೋಸಗಾರ ಎನ್ನುತ್ತಿದ್ದರು. ರೇಸಿಗೆ ಹೋಗುವುದನ್ನೇ ಮರೆತಿದ್ದರು. ಮುಂದಿನ ವರ್ಷ ಇಬ್ಬರಿಂದಲೂ ತಂತಿ ಬಂತು: ಅದೇ ಕೋಣೆ, ಅದೇ ಜೊತೆ.

ನಾನು ಮ್ಯಾನೇಜರರಿಗೆ ಹೇಳಿದೆ. "ಸಾರ್, ಡಬಲ್ ಕೋಣೆ ಒಂದೇ ಕುಟುಂಬದವರಿಗೆ ಮಾತ್ರ. ನಮ್ಮದೇ ನಿಯಮ."

"ಗಲಾಟೆ ಕೇಳಿದ್ರಲ್ಲ? ಕುಟುಂಬವೇ" ಎಂದರು ಮ್ಯಾನೇಜರ್.

೫. ಕಾಶಿಗೆ ಹೊರಟವರು

ಇನ್ನು ಕೊನೆಯದು. ಇದನ್ನು ಯಾರಿಗೆ ಹೇಳಿದರೂ ನಾನೇ ಮಾಡಿದ ಓವರ್‌ಬುಕಿಂಗ್ ಎನ್ನುತ್ತಾರೆ. ಅದು ಓವರ್‌ಬುಕಿಂಗ್ ಅಲ್ಲ, ಅನುಭವ.

ಒಮ್ಮೆ ಬೀಗಕ್ಕೆ ಬಿಡುವು ಸಿಕ್ಕ ಮೇಲೆ ನನ್ನ ಮನೆ ಆ ಸುತ್ತಮುತ್ತಲಿಗೆಲ್ಲ ಬಿಡದಿಯೆಂದು ಹೆಸರಾಯಿತು. "ಒಬ್ರೇ ತಾನೇ ಸಾರ್ ನೀವು" ಎಂದು ಶುರುವಾದರೆ ಯಾರದೋ ಮದುವೆಯೆಂದು ಅರ್ಥ. ಆದರೆ ಕೇಳಿದವರೆಲ್ಲ ಬರುತ್ತಿರಲಿಲ್ಲ. ಒಂದು ವರ್ಷ ಎರಡು ಕಡೆಯವರು ಕೇಳಿ, ನಾನು ಜಮಖಾನ ತರಿಸಿ, ಸುಣ್ಣ ಹೊಡೆಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ ಕಾದರೆ, ಇಬ್ಬರೂ ಕೊನೆಗಳಿಗೆಯಲ್ಲಿ ಬಸವನಗುಡಿಯ ಛತ್ರಕ್ಕೆ ಹೋದರು. ತೋರಣ ಕಟ್ಟಿದ ಬಾಗಿಲಿನಿಂದ ಒಬ್ಬನೇ ಒಳಗೆ ಹೋಗಿ ಬಂದು ಮಾಡುವುದು ಅಷ್ಟು ಸೊಗಸಾದ ಅನುಭವವಲ್ಲ. ಆಮೇಲೆ ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಕ್ಕೆ ಎದುರು ಮನೆ ಮೇಷ್ಟ್ರು ಎರಡನೆಯ ಮಗಳಿಗೆಂದು ಬಂದು ಕೇಳಿದಾಗ ಹ್ಞೂಂ ಎಂದೆ. ಅದೇ ಮುಹೂರ್ತಕ್ಕೆ ಹಿಂದಿನ ರಸ್ತೆಯ ವಕೀಲರು ಬಂದು ಕೇಳಿದಾಗಲೂ ಹ್ಞೂಂ ಎಂದೆ. ಇಬ್ಬರಲ್ಲಿ ಒಬ್ಬರು ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಇಬ್ಬರೂ ಬಂದರು. ಒಂದು ದಿಬ್ಬಣ ಮುಂಬಾಗಿಲಿನಿಂದ, ಇನ್ನೊಂದು ಹಿತ್ತಲ ಬಾಗಿಲಿನಿಂದ. ನಡುಮನೆಯಲ್ಲಿ ಎರಡು ಕಡೆಯ ಹಿರಿಯರು ಎದುರಾಗಿ, "ನೀವು ಹೆಣ್ಣಿನ ಕಡೆಯವರಾ? ಬನ್ನಿ ಬನ್ನಿ" ಎಂದು ಪರಸ್ಪರ ಉಪಚಾರ ಮಾಡಿಕೊಂಡರು. ಇಬ್ಬರೂ ಗಂಡಿನ ಕಡೆಯವರೆಂದು ತಿಳಿಯುವ ಹೊತ್ತಿಗೆ ಮೇಷ್ಟ್ರ ಮನೆಯ ಇಡ್ಲಿಯನ್ನು ವಕೀಲರ ಬೀಗರು ತಿಂದಾಗಿತ್ತು. ವಕೀಲರ ಮನೆಯ ಉಪ್ಪಿಟ್ಟು ಬಂದಾಗ ಮೇಷ್ಟ್ರ ಬೀಗರು ಸೇಡು ತೀರಿಸಿಕೊಂಡರು. ನನ್ನ ನಿಯಮಗಳನ್ನು ಹೇಳಲು ಜಗಲಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ.

ಮದುವೆಯ ಬೆಳಿಗ್ಗೆ ತುಂತುರು ಮಳೆ. ಗೇಟಿನ ಮುಂದೆ ಒಂದು ಜಟಕಾ ಬಂದು ನಿಂತಿತು. ಇನ್ಯಾರಪ್ಪ ಎಂದು ನೋಡಿದರೆ, ನನ್ನ ತಮ್ಮ. ಹಿಂದೆ ನಾದಿನಿ, ಮೂರು ಮಕ್ಕಳು, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ.

"ಅಣ್ಣಾ, ರಜ ಸಿಕ್ತು. ಪ್ರತಿ ಸಲ ಬರೆದೂ ಬರೆದೂ ನಮಗೇ ನಾಚಿಕೆ ಆಗಿತ್ತು. ಅದಕ್ಕೇ ಬರೀದೇ ಬಂದ್ವಿ" ಎಂದ ತಮ್ಮ. ಆಮೇಲೆ ನನ್ನ ಹಿಂದೆ ನೋಡಿದ. "ಇವರೆಲ್ಲ ಯಾರು?"

ನಾನು ಬಾಯಿ ತೆರೆಯುವ ಮೊದಲೇ ವಕೀಲರ ಬೀಗರ ಪೈಕಿ ಒಬ್ಬ ಹಿರಿಯರು ಟ್ರಂಕನ್ನು ತಡೆದರು. "ಯಾರ ಕಡೆಯವರಪ್ಪಾ ನೀವು? ಒಳಗೆ ಸೂಜಿ ಹಾಕೋಕೂ ಜಾಗ ಇಲ್ಲ."

"ನಾನು ಈ ಮನೆ ಯಜಮಾನರ ತಮ್ಮ."

"ಏನ್ ಹೇಳ್ತಿದ್ದೀರಿ! ಯಜಮಾನರಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಹೇಳೇ ನಮಗೆ ಈ ಮನೆ ಕೊಟ್ಟಿರೋದು!"

ತಮ್ಮ ನನ್ನ ಮುಖ ನೋಡಿದ. ಹಿಂದಿನ ಕೋಣೆಗಳ ಕಡೆ ನೋಡಿದ. ಒಂದರ ತುಂಬ ತೆಂಗಿನಕಾಯಿ, ಇನ್ನೊಂದರ ತುಂಬ ಹೆಂಗಸರು. "ಇರಲಿ ಬಿಡಣ್ಣಾ, ಮತ್ತೆ ಯಾವಾಗಲಾದ್ರೂ ಬರ್ತೀವಿ" ಎಂದ. ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವಾದಿಸಬಹುದಿತ್ತು. ಜಟಕಾ ಹೋಗಿಯಾಗಿತ್ತು. ಅವನು ಕೊಡೆ ಬಿಚ್ಚಿ, ಹಾಸಿಗೆ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು, ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕಿಯೇಬಿಟ್ಟ. ಹೋಟೆಲಿನ ಮೇಜಿನ ಹಿಂದೆ ನಿಂತು ಜಾಗವಿಲ್ಲ ಎಂದು ಹೇಳಿ ಹೇಳಿ ಅಭ್ಯಾಸವಾದ ನಾಲಗೆ ನನ್ನದು. ಹೋಗಬೇಡ ಎಂದು ಯಾರಿಗಾದರೂ ಹೇಳಿ ಅಭ್ಯಾಸವಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಕಾಶೀಯಾತ್ರೆ. ಗೊತ್ತಿರುವಂತೆ ವರ ಆಗ ಕೊಡೆ ಹಿಡಿದು, ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ನಾಲ್ಕು ಹೆಜ್ಜೆ ಹೊರಡಬೇಕು. ಮಾವ ಅಡ್ಡಬಂದು, ಬೇಡಪ್ಪಾ, ಮಗಳನ್ನು ಕೊಡುತ್ತೇನೆ ಎಂದು ವಾಪಸು ಕರೆತರಬೇಕು. ಒಂದೇ ಗೇಟಿನಿಂದ ಇಬ್ಬರು ವರರು ಕೊಡೆ ಹಿಡಿದು ಕಾಶಿಗೆ ಹೊರಡುವವರಿದ್ದರು. ಮೇಷ್ಟ್ರು ಅನುಭವಸ್ಥರು, ತಮ್ಮ ಅಳಿಯನ ತೋಳನ್ನು ಗೇಟಿನೊಳಗೇ ಹಿಡಿದುಕೊಂಡುಬಿಟ್ಟಿದ್ದರು. ವಕೀಲರಿಗೆ ಇದು ಮೊದಲ ಮದುವೆ. ಹೋಮದ ಹೊಗೆಗೆ ಕಣ್ಣುರಿದು ಕನ್ನಡಕ ತೆಗೆದು ಜೇಬಿಗಿಟ್ಟಿದ್ದರು. ಅಳಿಯನನ್ನು ನೋಡಿದ್ದು ಒಂದೇ ಸಲ. ತೆಂಗಿನಕಾಯಿ ಹಿಡಿದು ಗೇಟಿನ ಹತ್ತಿರ ಬಂದವರಿಗೆ, ಪಂಚೆ ಉಟ್ಟು, ಕೊಡೆ ಬಿಚ್ಚಿ, ಜೋಲು ಮುಖ ಹಾಕಿಕೊಂಡು ಹೊರಟಿದ್ದ ಗಂಡಸು ಕಂಡ. ಪುರೋಹಿತರು ಹೇಳಿದ ಲಕ್ಷಣಗಳೆಲ್ಲ ಸರಿಹೊಂದಿದವು. ಓಡಿಹೋಗಿ ನನ್ನ ತಮ್ಮನ ಕೈ ಹಿಡಿದರು.

"ಹೋಗಬೇಡಿ! ದಯವಿಟ್ಟು ಹೋಗಬೇಡಿ! ನಮ್ಮನ್ನ ಬಿಟ್ಟು ಹೋಗಬೇಡಿ. ಬನ್ನಿ, ಮನೆಗೆ ಬನ್ನಿ!"

ತಮ್ಮ ಗಾಬರಿಯಾಗಿ, "ಜಾಗ ಇಲ್ವಂತೆ ಸಾರ್" ಎಂದ.

"ಜಾಗ ಏನು, ನನ್ನ ಮಗಳನ್ನೇ ಕೊಡ್ತೀನಿ, ಬನ್ನಿ!"

ತಮ್ಮ ತಿರುಗಿ ಹೆಂಡತಿಯನ್ನು ನೋಡಿದ. ಮಳೆಯಲ್ಲಿ ಮೂರು ಮಕ್ಕಳನ್ನು ಸೆರಗಿನಡಿ ಸೇರಿಸಿಕೊಂಡು ನಿಂತಿದ್ದ ನಾದಿನಿ, "ರೀ, ಹ್ಞೂಂ ಅಂದ್ಬಿಡಿ. ಸದ್ಯಕ್ಕೆ ಎಲ್ಲರಿಗೂ ತಲೆ ಮೇಲೊಂದು ಸೂರು ಸಿಗುತ್ತೆ" ಎಂದಳು.

ಅಷ್ಟರಲ್ಲಿ ನಿಜವಾದ ವರ ಗೇಟಿನ ಹೊರಗೆ ಬಂದು, ತನ್ನನ್ನು ತಡೆಯುವವರು ಯಾರೂ ಕಾಣದೆ, ನಾಲ್ಕು ಹೆಜ್ಜೆಯ ಬದಲು ಮೂಲೆಯವರೆಗೂ ಹೋಗಿ, ಮುಂದೇನು ಮಾಡುವುದೆಂದು ತಿಳಿಯದೆ ನಿಂತಿದ್ದ. ಅವನನ್ನು ಹಾಲಿನವಳು ಕಂಡು ಕರೆದುಕೊಂಡು ಬಂದಳು. ವಕೀಲರು ಕನ್ನಡಕ ಹಾಕಿಕೊಂಡು ಇಬ್ಬರು ಅಳಿಯಂದಿರನ್ನೂ ನೋಡಿದರು. ರಸ್ತೆಯೆಲ್ಲ ನಕ್ಕಿತು. ಟ್ರಂಕು ತಡೆದಿದ್ದ ಹಿರಿಯರೇ ನಗುತ್ತಾ ಬಂದು ಟ್ರಂಕು ಎತ್ತಿಕೊಂಡು ಒಳಗೆ ಹೋದರು. "ಮಾವನವರೇ ಕರೆದ ಮೇಲೆ ನಾವ್ಯಾರು ತಡೆಯೋಕೆ" ಎಂದರು.

ತಮ್ಮನ ಸಂಸಾರ ಮದುವೆ ಮುಗಿಯುವವರೆಗೂ ಇತ್ತು. ಮಕ್ಕಳು ಎರಡು ಚಪ್ಪರದಲ್ಲೂ ಊಟ ಮಾಡಿದವು. ನಾದಿನಿ ಹೆಂಗಸರ ಕೋಣೆಯಲ್ಲಿ, ತಮ್ಮ ತೆಂಗಿನಕಾಯಿಗಳ ಜೊತೆ. ನನ್ನ ಹಾಸಿಗೆಯಲ್ಲಿ ಯಾರು ಮಲಗಿದ್ದರೆಂದು ಕೊನೆಯವರೆಗೂ ಪತ್ತೆಯಾಗಲಿಲ್ಲ. ನಾನು ಜಗಲಿಯಲ್ಲಿ ಗೋಡೆಗೊರಗಿ ಕೂತು, ಒಳಗಿನ ಗಲಾಟೆ ಕೇಳುತ್ತಾ, ಎಲ್ಲರೂ ಎಷ್ಟು ಅಶಿಸ್ತಿನವರು ಎಂದು ಯೋಚಿಸುತ್ತಿದ್ದೆ.

ಆಮೇಲೆ ಒಂದು ದಿಬ್ಬಣ ಹೊರಟಿತು. ಇನ್ನೊಂದು ಹೊರಟಿತು. ತಮ್ಮನೂ ಹೊರಟ. "ಮುಂದಿನ ಬೇಸಿಗೆಗೆ ಖಂಡಿತ ಬರ್ತೀವಣ್ಣಾ" ಎಂದ.

ಬೇಸಿಗೆ ಬಂತು. ಕಾಗದವೂ ಬಂತು. ಕೋಣೆಗಳನ್ನು ಗುಡಿಸಿದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ. ಮನೆ ಮತ್ತೆ ಮೊದಲಿನ ಹಾಗೇ ಬೀಗದ ಶಬ್ದವನ್ನು ವಾಪಸು ಕೊಡುತ್ತಿತ್ತು. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ನಾನು ಜಾಗ ಖಾಲಿಯಿಟ್ಟುಕೊಂಡು ಕಾದಿದ್ದೇ ತಪ್ಪು ಕ್ರಮ. ಮನೆ ತುಂಬಿದ್ದಾಗ ಮಾತ್ರ ನನ್ನ ತಮ್ಮ ಬರುತ್ತಾನೆ. ನೇರವಾಗಿ ರಸ್ತೆ ದಾಟಿ ಮೇಷ್ಟ್ರ ಮನೆಗೆ ಹೋದೆ.

"ಮೇಷ್ಟ್ರೇ, ಈ ಬೇಸಿಗೆಯಲ್ಲಿ ನಮ್ಮ ರಸ್ತೆಯಲ್ಲಿ ಒಂದು ಮದುವೆ ಆಗಲೇಬೇಕು. ಯಾರದಾದರೂ ಸರಿ. ಮದುವೆಗೆ ಯಾರು ಯಾರು ಉಳಿದಿದ್ದಾರೆ, ಯೋಚಿಸಿ ಹೇಳಿ."

ಮೇಷ್ಟ್ರು ಕಣ್ಣುಮುಚ್ಚಿ ಒಂದೊಂದು ಮನೆಯನ್ನೂ ನೆನೆಸಿಕೊಂಡರು. ಆಮೇಲೆ ಕಣ್ಣು ತೆರೆದು, ಬಹಳ ಮರ್ಯಾದೆಯಿಂದ ಹೇಳಿದರು.

"ನಮ್ಮ ರಸ್ತೇಲಿ ಉಳಿದಿರೋರು ನೀವೊಬ್ರೇ ಸಾರ್. ಬಿಡದಿ ಯೋಚ್ನೆ ಬೇಡ, ನಮ್ಮನೆ ಕೊಡ್ತೀವಿ."